ಸಣ್ಣ ಕಾಲುವೆಯ ಹೂಳು

12 ಜನವರಿ 2025, ಭಾನುವಾರ
ದಾವಣಗೆರೆ

ಬೆಳಿಗ್ಗೆ ಆರೂವರೆಗೆ ಕುಂದವಾಡ ಕೆರೆ ಏರಿ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅರ್ಧ ದಾರಿಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಜೊತೆಯಾದ. ಹುಡುಗ ಅಂತ ಕರೆಯುವುದು ನಾನು, ಅವನಿಗೆ ಈಗ 38. ಗೂಡ್ಸ್ ಗಾಡಿ ಓಡಿಸುತ್ತಾನೆ. ವಾಕಿಂಗ್‌ಗೆ ಬರುವವನೇ ಅಲ್ಲ. ಸ್ವಲ್ಪ ದೂರ ಸುಮ್ನೆ ನಡೆದು, "ಅಣ್ಣಾ, ಒಂದು ಮಾತು ಕೇಳಬೇಕಿತ್ತು, ತಪ್ಪು ತಿಳೀಬೇಡಿ" ಅಂದ.

ಪರ್ಸಿನಿಂದ ಒಂದು ಗುಳಿಗೆ ಶೀಟ್ ತೆಗೆದ. ನಾಲ್ಕರಲ್ಲಿ ಎರಡು ಒಡೆದಿದ್ದವು. ಮಡಚಿ ಮಡಚಿ ಹಿಂದಿನ ಹೆಸರು ಅರ್ಧ ಅಳಿಸಿತ್ತು. ನಿಮಿರೋಕೆ ಅಂತ ಯಾರೋ ಗೆಳೆಯ ಕೊಟ್ಟಿದ್ದಂತೆ. ಎಂಟು ತಿಂಗಳಿಂದ ಹೆಂಡತಿ ಹತ್ತಿರ ಹೋಗೋಕೇ ಹೆದರಿಕೆ ಅಂದ. ಹೇಳುವಾಗ ಕೆರೆ ಕಡೆಗೇ ನೋಡುತ್ತಿದ್ದ.

ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದ, ಅಷ್ಟೇ.

ಎರಡು ವರ್ಷದ ಹಿಂದೆ ನನಗೂ ಇದೇ ಆಗಿತ್ತು. ಆಗ ನನಗೆ 47. ನಿಮಿರುತ್ತಿರಲಿಲ್ಲ, ನಿಮಿರಿದರೂ ನಿಲ್ಲುತ್ತಿರಲಿಲ್ಲ. ಆರು ತಿಂಗಳು ಯಾರಿಗೂ ಹೇಳಲಿಲ್ಲ. ಗೋಡೆ ಮೇಲೆ 'ನರದೌರ್ಬಲ್ಯ, ಗುಪ್ತ ಸಮಸ್ಯೆ' ಅಂತ ಅಂಟಿಸಿರುತ್ತಾರಲ್ಲ, ಆ ನಂಬರಿಗೆ ಫೋನ್ ಮಾಡಿದೆ. ಲಾಡ್ಜ್ ರೂಮಿನಲ್ಲಿ ಕೂತಿದ್ದವನಿಗೆ ಆರು ಸಾವಿರ ಕೊಟ್ಟು ಒಂದು ಡಬ್ಬಿ ಪುಡಿ ತಂದೆ. ಏನೂ ಆಗಲಿಲ್ಲ. ಕಡೆಗೆ ಒಂದು ರಾತ್ರಿ ಹೆಂಡತಿಯೇ, "ಏನ್ರೀ, ನನ್ನ ಮೇಲೆ ಬೇಜಾರಾ?" ಅಂದಳು. ಅವಳು ಹಾಗಂದುಕೊಂಡು ಆರು ತಿಂಗಳು ಕಳೆದಿದ್ದಳಲ್ಲ ಅನ್ನೋದು ಈಗಲೂ ಸಂಕಟ ಕೊಡುತ್ತದೆ. ಅವತ್ತು ಎಲ್ಲ ಹೇಳಿಬಿಟ್ಟೆ. ಮರುದಿನ ಇಬ್ಬರೂ ಡಾಕ್ಟರ್ ಹತ್ತಿರ ಹೋದೆವು.

ಡಾಕ್ಟರ್ ಮೊದಲು ಕೇಳಿದ್ದು, "ಬೆಳಗಿನ ಜಾವ ತಾನಾಗಿ ನಿಮಿರುತ್ತದಾ?" ಅಂತ. ಹಾಗೆ ನಿಮಿರುತ್ತಿದ್ದರೆ ಹೆಚ್ಚಾಗಿ ಚಿಂತೆ, ಹೆದರಿಕೆ ಕಾರಣ ಇರುತ್ತದಂತೆ. ನನಗೆ ಅದೂ ನಿಂತಿತ್ತು. ಬಿ.ಪಿ. ನೋಡಿದರು, ಸೊಂಟದ ಸುತ್ತಳತೆ ತೆಗೆದರು, ರಕ್ತ ಪರೀಕ್ಷೆಗೆ ಬರೆದರು. ಖಾಲಿ ಹೊಟ್ಟೆ ಷುಗರ್ ಎರಡು ಸಲ ನೋಡಿದರೂ 160ರ ಮೇಲೆ. ಷುಗರ್ ಇದೆ ಅಂತ ನನಗೆ ಗೊತ್ತಾಗಿದ್ದೇ ಹೀಗೆ.

ಇವತ್ತು ಇವನಿಗೆ ಅದನ್ನೇ ಬಿಡಿಸಿ ಹೇಳಿದೆ. ಇವನ ಹಳ್ಳಿ ಭದ್ರಾ ನಾಲೆಯ ಕೊನೆ ಭಾಗದ್ದು. "ಹೂಳು ತುಂಬಿದರೆ ಮೊದಲು ನೀರು ನಿಲ್ಲೋದು ಎಲ್ಲಿ?" ಅಂದೆ. "ನಮ್ಮ ಸಣ್ಣ ಕಾಲುವೇಲಿ" ಅಂದ. ಹಾಗೇ ಇದು. ಹೃದಯದ ರಕ್ತನಾಳ ಸುಮಾರು 3-4 ಮಿಲಿಮೀಟರ್ ಅಗಲ. ಶಿಶ್ನದ್ದು ಬರೀ 1-2. ಕೊಬ್ಬು ಕಟ್ಟುವುದು ಎರಡೂ ಕಡೆ. ಸಣ್ಣದರಲ್ಲಿ ಮೊದಲು ಗೊತ್ತಾಗುತ್ತದೆ, ಎಷ್ಟೋ ಜನರಿಗೆ ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮೊದಲೇ. ಅವನು ತಟ್ಟನೆ ನಿಂತ. ಅವನ ಅಪ್ಪನಿಗೆ 52ಕ್ಕೇ ಸ್ಟೆಂಟ್ ಹಾಕಿದ್ದಾರೆ.

ಆಮೇಲೆ ಅವನ ದಿನ ಹೇಗೆ ಅಂತ ಕೇಳಿದೆ. ದಿನಕ್ಕೆ ಹತ್ತು ಹನ್ನೆರಡು ಪಾಕೀಟು ಗುಟ್ಕಾ. ರಾತ್ರಿ ಲೋಡು, ನಾಲ್ಕು ತಾಸು ನಿದ್ದೆ. ಸಂಜೆ ಮಂಡಕ್ಕಿ, ಮಿರ್ಚಿ, ಅದರ ಮೇಲೆ ಟೀ. ಮೊದಲು ಗುಟ್ಕಾ ಬಿಡು ಅಂದೆ. ತಂಬಾಕಿನ ನಿಕೋಟಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ, ನಿಮಿರಬೇಕಾದರೆ ಅದೇ ನಾಳ ಸಡಿಲ ಆಗಬೇಕು. ನಿದ್ದೆ ಕೆಟ್ಟರೆ ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಕೂಡ ಕಮ್ಮಿ ಆಗುತ್ತದೆ. ಕುಡಿತ ಅವನಿಗಿಲ್ಲ, ಪುಣ್ಯ.

"ಬರೀ ನಡೆದರೆ ಸರಿಹೋಗುತ್ತಾ ಅಣ್ಣ?" ಅಂದ. 2004ರಲ್ಲಿ ಇಟಲಿಯಲ್ಲಿ ದಪ್ಪ ಮೈಯ, ಇದೇ ತೊಂದರೆ ಇದ್ದ 110 ಗಂಡಸರ ಮೇಲೆ ನಡೆದ ಅಧ್ಯಯನದ ಬಗ್ಗೆ ಹೇಳಿದೆ. ಅರ್ಧ ಜನರಿಗೆ ಊಟ, ವ್ಯಾಯಾಮ, ತೂಕ ಇಳಿಸುವುದನ್ನು ಎರಡು ವರ್ಷ ಕೂತು ಹೇಳಿಕೊಟ್ಟರು. ಆ 55 ಜನರಲ್ಲಿ 17 ಜನರಿಗೆ ಸರಿಹೋಯಿತು. ಉಳಿದ 55ರಲ್ಲಿ ಮೂವರಿಗೆ ಮಾತ್ರ. ಎಲ್ಲರಿಗೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನನಗೇ ಐದು ತಿಂಗಳು ಹಿಡಿಯಿತು. ವಾರಕ್ಕೆ ಐದು ದಿನ 40 ನಿಮಿಷ, ಮಾತಾಡಬಹುದು ಆದರೆ ಹಾಡೋಕಾಗಲ್ಲ ಅನ್ನುವಷ್ಟು ಬಿರುಸಾಗಿ ನಡೆದೆ. ರಾತ್ರಿ ಅನ್ನದ ಬದಲು ಸಣ್ಣ ಮುದ್ದೆ, ಜಾಸ್ತಿ ಸೊಪ್ಪು, ಕಾಳು. ಬೆಣ್ಣೆ ದೋಸೆ ತಿಂಗಳಿಗೊಮ್ಮೆ. ಷುಗರ್ ಗುಳಿಗೆ ಒಂದು ದಿನವೂ ಬಿಡಲಿಲ್ಲ. ಏಳು ಕಿಲೋ ಇಳಿದೆ. ಒಂದು ದಿನ ಬೆಳಗಿನ ಜಾವ ಎಚ್ಚರವಾದಾಗ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು.

ಆ ಶೀಟಿನ ಬಗ್ಗೆ ಗಟ್ಟಿಯಾಗೇ ಹೇಳಿದೆ. ಗುಳಿಗೆ ಕೆಟ್ಟದ್ದಲ್ಲ, ಡಾಕ್ಟರ್ ನೋಡಿ ಕೊಟ್ಟರೆ ಒಳ್ಳೆಯದೇ. ಆದರೆ ಎದೆನೋವಿಗೆ ನೈಟ್ರೇಟ್ ತಗೊಳ್ಳುವವರು ಇದನ್ನು ನುಂಗಿದರೆ ಬಿ.ಪಿ. ಒಮ್ಮೆಲೇ ಕುಸಿದು ಜೀವಕ್ಕೇ ಅಪಾಯ. ಅವನ ಅಪ್ಪ ನಾಲಿಗೆ ಕೆಳಗೆ ಇಟ್ಟುಕೊಳ್ಳುವುದು ಅದೇ ನೈಟ್ರೇಟ್ ಗುಳಿಗೆ. ಶೀಟನ್ನು ನನ್ನ ಕೈಗೇ ಕೊಟ್ಟುಬಿಟ್ಟ.

ನಾಳೆ ಎಂಟು ಗಂಟೆಗೆ ನಾನೇ ಅವನನ್ನು ಡಾಕ್ಟರ್ ಹತ್ತಿರ, ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಮಧ್ಯಾಹ್ನ ಫೋನ್ ಮಾಡಿದ್ದ. ಹೆಂಡತಿಗೆ ಹೇಳಿದನಂತೆ, ಅವಳೂ ಬರ್ತಾಳಂತೆ. "ಬೆಳಿಗ್ಗೆ ಒಂದು ಲೋಟ ಟೀ ಕುಡೀಬಹುದಾ ಅಣ್ಣ?" ಅಂದ. ಬೇಡ, ಬರೀ ನೀರು ಅಂದೆ.