ನಮ್ಮ ಬಗಲು, ಹಂಗೇರಿಯನ್ನರ ಎದೆ

ಕೊಪ್ಪಳದಲ್ಲಿ ದಾರಿ ಕೇಳಿದವರಿಗೆ ‘ಗುಡಿ ಬಗಲಾಗ ಐತ್ರಿ’ ಎಂಬ ಉತ್ತರ ಸಿಕ್ಕರೆ ಯಾರಿಗೂ ಕಂಕುಳು ನೆನಪಾಗುವುದಿಲ್ಲ. ಹವ್ಯಾಸಕ್ಕೆಂದು ಹಂಗೇರಿಯನ್ ವ್ಯಾಕರಣ ಓದತೊಡಗಿದ ನನಗೆ, ಆ ಭಾಷೆಯಲ್ಲಿ ‘ಪಕ್ಕದಲ್ಲಿ’ ಎಂಬರ್ಥದ ‘ಮೆಲ್ಲೆಟ್’ ಪದವು ಎದೆ ಎಂಬರ್ಥದ ‘ಮೆಲ್’ನಿಂದ ಹುಟ್ಟಿದ್ದೆಂದು ತಿಳಿದಾಗ ಮೊದಲು ಹೊಳೆದದ್ದು ಈ ಬಗಲೇ.

‘ಮೆಲ್ಲೆಟ್’ ಪದದ ಕೊನೆಯ ‘ಟ್’ ಹಳೆಯ ಸಪ್ತಮಿ ಪ್ರತ್ಯಯ. ಈಗ ಅದು ನಾಮಪದಗಳಿಗೆ ಹತ್ತುವುದು ಅಪರೂಪ. ಪೇಚ್ ಊರಿನಲ್ಲಿ ಎನ್ನಲು ‘ಪೇಚೆಟ್’ ಎನ್ನುವಂತೆ ಕೆಲವು ಊರುಗಳ ಹೆಸರಿನಲ್ಲಿ ಉಳಿದುಕೊಂಡಿದೆ.

ನಮ್ಮ ಮನೆಯ ಬೆಕ್ಕಿನ ಮರಿ ಹೊರಸಿನ ಕೆಳಗೆ ಮಲಗಿದ್ದರೂ ‘ಕೆಳಗೆ’, ಯಾರಾದರೂ ಗದರಿದಾಗ ಅಲ್ಲಿಗೆ ಓಡಿದರೂ ‘ಕೆಳಗೆ’. ಹಾಲಿನ ಬಟ್ಟಲಿನ ಸದ್ದು ಕೇಳಿ ಹೊರಬಂದಾಗ ಮಾತ್ರ ‘ಕೆಳಗಿನಿಂದ’. ಹಂಗೇರಿಯನ್ ಈ ಮೂರನ್ನೂ ಬೇರೆ ಮಾಡುತ್ತದೆ: ಇರುವುದಕ್ಕೆ ‘ಅಲಟ್’, ಹೋಗುವುದಕ್ಕೆ ‘ಅಲಾ’, ಬರುವುದಕ್ಕೆ ‘ಅಲೋಲ್’. ಮೂರರ ಬೇರೂ ಕೆಳಭಾಗವನ್ನು ಹೇಳುವ ‘ಅಲ್’. ಪಕ್ಕಕ್ಕೂ ಹೀಗೆಯೇ ಮೆಲ್ಲೆಟ್, ಮೆಲ್ಲೇ, ಮೆಲ್ಲೋಲ್ ಎಂಬ ಮೂರು ರೂಪಗಳಿವೆ. ನಾವು ‘ಹೊರಸಿನ’ ಎಂದು ಷಷ್ಠಿ ಹಚ್ಚಿದರೆ ಅವರು ‘ಹೊರಸು ಕೆಳಗೆ’ ಎಂದಂತೆ ನಾಮಪದವನ್ನು ಬರಿದಾಗಿಯೇ ಬಿಡುತ್ತಾರೆ. ಆದರೆ ‘ನನ್ನ ಪಕ್ಕದಲ್ಲಿ’ ಎನ್ನಬೇಕಾದರೆ, ನಾಮಪದಕ್ಕೆ ಹತ್ತುವ ‘ನನ್ನ’ ಎಂಬರ್ಥದ ಪ್ರತ್ಯಯವೇ ಇದಕ್ಕೂ ಹತ್ತಿ ‘ಮೆಲ್ಲೆಟ್ಟೆಮ್’ ಆಗುತ್ತದೆ. ಈ ಪದ ಒಂದು ಕಾಲಕ್ಕೆ ನಾಮಪದವೇ ಆಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಇಂಥ ಪದಗಳು ಸವೆದು ಪ್ರತ್ಯಯವಾಗುವುದನ್ನು ಹಳೆಯ ಬರಹಗಳಲ್ಲಿ ನೋಡಬಹುದು. 1055ರ ತಿಹಾನಿ ಮಠದ ಲ್ಯಾಟಿನ್ ಶಾಸನಪತ್ರದ ನಡುವೆ ಬರುವ, ಫೆಹೇರ್ವಾರ್‌ಗೆ ಹೋಗುವ ದಂಡಿನ ದಾರಿಯನ್ನು ಕುರಿತ ಹಂಗೇರಿಯನ್ ತುಣುಕಿನಲ್ಲಿ ‘-ಗೆ, ಮೇಲಕ್ಕೆ’ ಎಂಬರ್ಥದ ‘ರೆಆ’ ಬಿಡಿ ಪದವಾಗಿ ನಿಂತಿದೆ. ಇಂದು ಅದು ‘ರಾ’ ಅಥವಾ ‘ರೆ’ ಎಂಬ ಪ್ರತ್ಯಯ. 12ನೆಯ ಶತಮಾನದ ಕೊನೆಯ ಶವಸಂಸ್ಕಾರದ ಪ್ರವಚನದಲ್ಲಿ ‘ರಾಜ್ಯದೊಳಗೆ’ ಎನ್ನಲು ‘ಉರುಸಾಗ್’ ಪದಕ್ಕೆ ‘ಬೆಲೆ’ ಸೇರಿದೆ. ಒಳಭಾಗ ಎಂಬರ್ಥದ ‘ಬೇಲ್’ ಅದರ ಮೂಲ, ಇಂದು ಆ ಪದಕ್ಕೆ ಕರುಳು ಎಂದರ್ಥ. ಮುಂದೆ ಆ ‘ಬೆಲೆ’ಯೇ ಸವೆದು, ಹಿಂದಿನ ಪದದ ಸ್ವರಕ್ಕೆ ಹೊಂದಿಕೊಂಡು ‘ಬಾ’ ಅಥವಾ ‘ಬೆ’ ಆಯಿತು.

ಹಳಗನ್ನಡದ ‘ಊರೊಳ್’ ಎಂಬಲ್ಲಿನ ‘ಒಳ್’ ಕೂಡ ಒಳಭಾಗವೇ. ‘ಮನೆಯೊಳಗೆ’ ನಮ್ಮ ಬಾಯಲ್ಲಿ ‘ಮನ್ಯಾಗ’ ಆಗಿದೆ. ‘ಬಗಲಾಗ’ ಎಂಬಲ್ಲಿ ಉಳಿದ ‘ಆಗ’ದಲ್ಲೂ ಆ ‘ಒಳಗೆ’ಯೇ ಇದೆ.