ದಿಗಂತದ ಲೆಕ್ಕ: ಸುಲ್ತಾನ್ ಬತ್ತೇರಿಯಿಂದ ಕಾಪುವಿನ ಬಂಡೆಗೆ

ಮಂಗಳೂರಿನಿಂದ ಉಡುಪಿಯವರೆಗೆ ಕಡಲಿನ ಮೇಲೆ ಕಣ್ಣಿಡಲು ಕಟ್ಟಿದ ಹಳೆಯ ನೆಲೆಗಳನ್ನು ಮಾತ್ರ ನೋಡುವುದೆಂದು ಹೊರಟ ಮೂರು ದಿನದ ತಿರುಗಾಟವಿದು. ಮೂರನೆಯ ದಿನ ಮಲ್ಪೆಯಲ್ಲಿ ಕಳೆಯಿತು; ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಬರೆಯಬೇಕಾದದ್ದು ಕಾಪುವಿನ ಬಂಡೆಯ ಮೇಲೆ ವಾಯುಪಡೆಯ ನಿವೃತ್ತ ರಾಡಾರ್ ಮೆಕ್ಯಾನಿಕ್ ಒಬ್ಬರು ಸಂಜೆಯಿಡೀ ಹೇಳಿದ್ದು. ಆದರೆ ಬತ್ತೇರಿಯಿಂದಲೇ ಶುರು ಮಾಡದಿದ್ದರೆ ಅವರ ಲೆಕ್ಕಕ್ಕೆ ಬುಡವಿರುವುದಿಲ್ಲ.

ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಟಿಪ್ಪು 1784ರಲ್ಲಿ ಕಟ್ಟಿಸಿದ. ಮಂಗಳೂರಿನ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ ಬ್ರಿಟಿಷರಿಂದ ಬಿಡಿಸಿಕೊಂಡದ್ದೂ, ಮಂಗಳೂರು ಒಪ್ಪಂದಕ್ಕೆ ಮೊಹರು ಬಿದ್ದದ್ದೂ ಅದೇ ವರ್ಷ. ಕರಿಕಲ್ಲಿನ ಗಿಡ್ಡ ಬುರುಜು, ಕೆಳಗೆ ಮದ್ದಿನ ಕೋಣೆ, ಮೇಲೆ ಸುತ್ತಲೂ ಗುಂಡು ಹಾರಿಸುವ ಕಿಂಡಿಗಳು. ಮೊದಲ ಸಲ ನೋಡಿದವರಿಗೆ ಇಷ್ಟೇನಾ ಅನ್ನಿಸುತ್ತದೆ. ಕಿಂಡಿಗಳಲ್ಲಿ ಒಂದೊಂದಾಗಿ ಕಣ್ಣಿಟ್ಟು ನೋಡಿದರೆ ಜಾಗ ಆರಿಸಿದವನ ಬುದ್ಧಿ ತಿಳಿಯುತ್ತದೆ. ಫಲ್ಗುಣಿ ನದಿ ಇಲ್ಲಿ ನೇರವಾಗಿ ಕಡಲು ಸೇರುವುದಿಲ್ಲ. ತಣ್ಣೀರುಬಾವಿ, ಬೆಂಗ್ರೆಯ ಮರಳುಪಟ್ಟಿಯನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ಹರಿದು ನೇತ್ರಾವತಿಯ ಜೊತೆ ಅಳಿವೆಯಲ್ಲಿ ಸೇರುತ್ತದೆ. ಅಳಿವೆಯೊಳಗೆ ನುಗ್ಗಿದ ಹಡಗು ನದಿಯಲ್ಲಿ ಮೇಲೆ ಬರಬೇಕಾದರೆ ಬತ್ತೇರಿಯ ಮುಂದೆಯೇ ಹಾಯಬೇಕು. ಬುರುಜಿಗೆ ಎತ್ತರ ಬೇಕಿರಲಿಲ್ಲ, ದಾರಿಗೆ ಅಡ್ಡವಾಗಿ ನಿಂತರೆ ಸಾಕಿತ್ತು.

ಕರಿಕಲ್ಲಿನ ಮೇಲೆ ಹೆಸರು ಗೀಚಿ ಹೋದವರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಉಳಿ ತಗಲಿದ ಗೆರೆಯಲ್ಲಿ ಮಳೆನೀರು ನಿಲ್ಲುತ್ತದೆ, ಪಾಚಿ ಹಿಡಿಯುತ್ತದೆ, ಇಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಇನ್ನೂರ ನಲವತ್ತು ವರ್ಷ ನಿಂತ ಕಲ್ಲಿಗೆ ಇದು ಅನ್ಯಾಯ.

ಅಲ್ಲಿಂದ ಬಾವುಟಗುಡ್ಡೆಗೆ. 1837ರ ಏಪ್ರಿಲ್‌ನಲ್ಲಿ ಅಮರಸುಳ್ಯದ ರೈತರು ಮಂಗಳೂರಿಗೆ ಬಂದು ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿ, ಹದಿಮೂರು ದಿನ ಊರನ್ನು ಆಳಿದ್ದು ಇಲ್ಲೇ. ಗುಡ್ಡೆಗೆ ಹೆಸರು ಬಂದದ್ದೂ ಅದರಿಂದ. ಹಳೆಯ ದೀಪಸ್ತಂಭ ಪಾರ್ಕಿನೊಳಗಿದೆ. ಒಂದು ಕಾಲದಲ್ಲಿ ಇಲ್ಲಿಂದ ಅಳಿವೆ ಪೂರ್ತಿ ಕಾಣುತ್ತಿತ್ತು, ಈಗ ಪಡುವಣಕ್ಕೆ ಬಹುಮಹಡಿ ಕಟ್ಟಡಗಳು ಎದ್ದಿವೆ. ಕಾವಲು ನೆಲೆ ಕಣ್ಣು ಮುಚ್ಚುವುದಕ್ಕೆ ಇದೂ ಒಂದು ಬಗೆ, ರಾಡಾರಿಗೂ ಇದೇ ಗತಿ ಬರುತ್ತದೆಂದು ಕಾಪುವಿನಲ್ಲಿ ತಿಳಿಯಿತು.

ಕಾಪುವಿನ ದೀಪಸ್ತಂಭ 1901ರದು. ಕಡಲಿಗೆ ಚಾಚಿದ ಬಂಡೆಯ ಮೇಲೆ 27 ಮೀಟರ್ ಎತ್ತರದ ಗೋಪುರ, ಮೈಗೆ ಕಪ್ಪುಬಿಳಿ ಪಟ್ಟೆ. ಒಳಗೆ ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಇದನ್ನು ತಿಳಿಯದೆ ಮಧ್ಯಾಹ್ನವೇ ತಲುಪಿದರೆ ಕಾದ ಬಂಡೆಯ ಮೇಲೆ ಬಿಸಿಲು ಕಾಯಬೇಕಾಗುತ್ತದೆ, ನೆರಳೆಂಬುದು ಗೋಪುರದ್ದೇ. ಅದೇ ನೆರಳಿನಲ್ಲಿ ಆ ನಿವೃತ್ತ ಮೆಕ್ಯಾನಿಕ್, ಸಾರ್ಜೆಂಟರು, ಕೂತಿದ್ದರು. ಕಟಪಾಡಿ ಕಡೆಯವರು, ಇಪ್ಪತ್ತು ವರ್ಷ ರಾಡಾರ್ ದುರಸ್ತಿ ಮಾಡಿದವರು. ಉತ್ತರದ ಗಡಿಯ ಹತ್ತಿರ ಅವರಿದ್ದ ನೆಲೆಯನ್ನು ಮುಚ್ಚಿದಾಗ ಯಂತ್ರ ಬಿಚ್ಚಿದವರಲ್ಲಿ ಅವರೂ ಒಬ್ಬರು.

"ಬತ್ತೇರಿ ನೋಡಿ ಬಂದಿರಾ? ಹಾಗಾದರೆ ಲೆಕ್ಕ ಸುಲಭ ಮಾರಾಯ್ರೆ," ಅಂದರು. "ಕಣ್ಣಿನ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲ ತೆಗೆಯಿರಿ. 3.57ರಿಂದ ಗುಣಿಸಿ. ದಿಗಂತ ಎಷ್ಟು ಕಿಲೋಮೀಟರ್ ದೂರ ಉಂಟು ಅಂತ ಸಿಕ್ಕಿತು. ರಾಡಾರಿನ ಅಲೆ ಗಾಳಿಯಲ್ಲಿ ಸ್ವಲ್ಪ ಬಗ್ಗಿ ಹೋಗುತ್ತದೆ, ಅದಕ್ಕೆ 4.12. ಎದುರಿನದಕ್ಕೂ ಎತ್ತರ ಉಂಟಲ್ಲ, ಅದಕ್ಕೂ ಇದೇ ಲೆಕ್ಕ ಮಾಡಿ ಎರಡನ್ನೂ ಕೂಡಿಸಿ."

ಕಡಲ ಬದಿಯಲ್ಲಿ 10 ಮೀಟರ್ ಎತ್ತರದಲ್ಲಿ ನಿಂತ ಕಾವಲುಗಾರನಿಗೆ ದಿಗಂತ 11 ಕಿ.ಮೀ.; ಬರುವ ಹಡಗಿನ ಪಟಮರ 30 ಮೀಟರ್ ಇದ್ದರೆ ಅದರ ತುದಿ 31 ಕಿ.ಮೀ. ದೂರದಲ್ಲೇ ಕಾಣಬಹುದು. ಹಾಯಿಹಡಗಿಗೆ ಗಂಟೆಗೆ 9 ಕಿ.ಮೀ. ವೇಗವೆಂದು ಹಿಡಿದರೆ ಮೂರು ಗಂಟೆಗೂ ಹೆಚ್ಚು ಬಿಡುವು. ಮದ್ದು ಒಣಗಿಸಿ, ತೋಪು ತುಂಬಿ, ಕೋಟೆಗೆ ಆಳು ಓಡಿಸಲು ಧಾರಾಳ.

ಈಗ ಅದೇ ಲೆಕ್ಕವನ್ನು ವಿಮಾನಕ್ಕೆ ಹಾಕಬೇಕು. 30 ಮೀಟರ್ ಎತ್ತರದಲ್ಲಿ ರಾಡಾರ್, 60 ಮೀಟರ್ ಎತ್ತರದಲ್ಲಿ ನೀರು ಸವರಿಕೊಂಡು ಬರುವ ಜೆಟ್. ಮೊದಲ ಬಾರಿ ಕಾಣುವುದು 54 ಕಿ.ಮೀ. ದೂರದಲ್ಲಿ. ಗಂಟೆಗೆ 900 ಕಿ.ಮೀ. ಎಂದರೆ ನಿಮಿಷಕ್ಕೆ 15. "ಮೂರೂವರೆ ನಿಮಿಷ. ಅಷ್ಟರಲ್ಲಿ ಫೋನು ಎತ್ತಬೇಕು, ಪೈಲಟ್ ಓಡಬೇಕು, ಎಂಜಿನ್ ಶುರುವಾಗಬೇಕು. ಆಗುವುದಿಲ್ಲ." ಅದೇ ರಾಡಾರನ್ನು ವಿಮಾನಕ್ಕೆ ಕಟ್ಟಿ 9,000 ಮೀಟರಿಗೆ ಏರಿಸಿದರೆ ದಿಗಂತ 390 ಕಿ.ಮೀ.ಗೆ ಹೋಗುತ್ತದೆ. ನೆಲದ ಮೇಲಿನ ಎಷ್ಟೋ ನೆಲೆಗಳನ್ನು ಮುಚ್ಚಿಸಿದ ಕಾರಣಗಳಲ್ಲಿ ಈ ವರ್ಗಮೂಲವೇ ದೊಡ್ಡದು. ಅವರ ನೆಲೆಯ ಯಂತ್ರ ಕೊನೆಯ ದಿನವೂ ಚೆನ್ನಾಗಿಯೇ ಓಡುತ್ತಿತ್ತಂತೆ.

ಅಲ್ಲಿ ಎರಡು ಸೆಟ್ ಇದ್ದವು. ಒಂದು ಸೋವಿಯತ್ ಪಿ-12: ಸುಮಾರು ಎರಡು ಮೀಟರ್ ಅಲೆಯುದ್ದ, ಸಾಲಿಗೆ ಆರರಂತೆ ಎರಡು ಸಾಲಿನಲ್ಲಿ ಹನ್ನೆರಡು ಯಾಗಿ ಆಂಟೆನಾ, ಹಳೆಯ ಟಿವಿ ಆಂಟೆನಾದ ದೊಡ್ಡಣ್ಣನ ಹಾಗೆ. ಅದು ದೂರ ಮತ್ತು ದಿಕ್ಕು ಹೇಳುತ್ತದೆ, ಎತ್ತರಕ್ಕೆ ಬೇರೆ ಸೆಟ್ ಬೇಕು. ಅದರ ತಟ್ಟೆ ತಲೆಯಾಡಿಸಿದ ಹಾಗೆ ಮೇಲೆ ಕೆಳಗೆ ಆಡುತ್ತದೆ, ಅಲೆಯುದ್ದ 10 ಸೆಂಟಿಮೀಟರ್ ಆಸುಪಾಸು, ಹೃದಯದಲ್ಲಿ ಮ್ಯಾಗ್ನೆಟ್ರಾನ್, ಅಂದರೆ ಕಾಂತದ ನೆರವಿನಿಂದ ರಾಡಾರಿನ ಅಲೆ ಹುಟ್ಟಿಸುವ ಕವಾಟ (ವಾಲ್ವ್). 1940ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರಾಂಡಲ್ ಮತ್ತು ಬೂಟ್ ಮೊದಲು ಓಡಿಸಿದ ಕುಹರ ಮ್ಯಾಗ್ನೆಟ್ರಾನಿನ ವಂಶದ್ದು.

ಮ್ಯಾಗ್ನೆಟ್ರಾನಿನ ಮಾತು ಬಂದಾಗ ಅವರ ಕೈಗಳೇ ಕೆಲಸ ಮಾಡತೊಡಗಿದವು. ಹೀಟರ್ ಕೊಟ್ಟು ಮೂರರಿಂದ ಐದು ನಿಮಿಷ ಕಾಯದೆ ಎಚ್‌.ಟಿ., ಅಂದರೆ ಹೆಚ್ಚಿನ ವೋಲ್ಟೇಜ್, ಹಾಕಬಾರದು. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಕವಾಟಕ್ಕೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಒಳಗೆ ಬಿಡುಗಡೆಯಾದ ಅನಿಲದಿಂದ ಕಿಡಿ ಹಾರುತ್ತದೆ. ಸ್ವಲ್ಪ ಸ್ವಲ್ಪವೇ ಏರಿಸಿ, ಕಿಡಿ ನಿಂತ ಮೇಲೆ ಮುಂದಿನ ಮೆಟ್ಟಿಲು. ಬಿಚ್ಚಲು ಹಿತ್ತಾಳೆಯ ಸ್ಪ್ಯಾನರ್. ಉಕ್ಕಿನದು ಹಿಡಿದರೆ ಕಾಂತ ಅದನ್ನು ಸೆಳೆದು ಗಾಜಿಗೆ ಬಡಿಸುತ್ತದೆ, ಕಾಂತದ ಬಲವೂ ಕುಗ್ಗುತ್ತದೆ.

ಅಲ್ಲಿಂದ ತಟ್ಟೆಯವರೆಗೆ ವೇವ್‌ಗೈಡ್, ಅಂದರೆ ಆಯತಾಕಾರದ ಬಾಯಿಯ ಲೋಹದ ಕೊಳವೆ. ಒಳಗೆ ಒಣಗಾಳಿ ತುಂಬಿರಬೇಕು. ಗಾಳಿ ಸಿಲಿಕಾ ಜೆಲ್ ಡಬ್ಬಿಯ ಮೂಲಕ ಹೋಗುತ್ತದೆ. ಕಾಳು ನೀಲಿ ಇದ್ದರೆ ಸರಿ, ಗುಲಾಬಿಯಾದರೆ ತೇವ ಕುಡಿದಿದೆ ಎಂದರ್ಥ. ತೆಗೆದು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಹುರಿದರೆ ಮತ್ತೆ ನೀಲಿ. "ನಮ್ಮ ಊರಿನ ಜೂನ್ ಜುಲೈಯಲ್ಲಾದರೆ ದಿನಾ ಹುರಿಯಬೇಕಾದೀತು!" ತೇವ ನಿಂತರೆ ಕೊಳವೆಯೊಳಗೆ ಕಿಡಿ, ಹೋಗಬೇಕಾದ ಶಕ್ತಿ ಹಿಂದಿರುಗಿ ಮ್ಯಾಗ್ನೆಟ್ರಾನಿಗೇ ಹೊಡೆತ. ಕಡಲಂಚಿನ ನೆಲೆಯಲ್ಲಿ ಇದಕ್ಕೆ ಉಪ್ಪು ಸೇರುತ್ತದೆ. ಇನ್ಸುಲೇಟರಿನ ಮೇಲೆ ಕೂತ ಉಪ್ಪು ರಾತ್ರಿಯ ಇಬ್ಬನಿಗೆ ಕರಗಿ ವಿದ್ಯುತ್ತಿಗೆ ದಾರಿ ಮಾಡುತ್ತದೆ, ಸಿಹಿನೀರಿನಲ್ಲಿ ತೊಳೆದು ಒರೆಸುವುದೊಂದೇ ಮದ್ದು. ಅಲ್ಯೂಮಿನಿಯಂ ಆಂಟೆನಾಕ್ಕೆ ಉಕ್ಕಿನ ಬೋಲ್ಟು ಹಾಕಿದ ಕಡೆಯೆಲ್ಲ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಉದುರುತ್ತದೆ.

ಅಷ್ಟರಲ್ಲಿ ಪಡುವಣ ದಿಗಂತದಲ್ಲಿ ಒಂದು ಬೋಟು ನೀರಿನಿಂದ ಮೇಲೆದ್ದು ತೇಲುವ ಹಾಗೆ ಕಂಡಿತು. ಸಾರ್ಜೆಂಟರು ಬೆರಳು ತೋರಿಸಿ, "ಇದೇ! ಇದೇ ನಮ್ಮ ಶತ್ರು," ಅಂದರು. ಬೇಸಿಗೆಯಲ್ಲಿ ನೆಲದ ಬಿಸಿ ಒಣಗಾಳಿ ಕಡಲಿನ ತಂಪಾದ ತೇವದ ಗಾಳಿಯ ಮೇಲೆ ಹಾಸಿಕೊಳ್ಳುತ್ತದೆ. ಆ ಬಿಸಿಗಾಳಿಗೂ ನೀರಿಗೂ ನಡುವೆ ರಾಡಾರಿನ ಅಲೆ ಸಿಕ್ಕಿಕೊಂಡು, ಕೊಳವೆಯೊಳಗೆ ಹೋದ ಹಾಗೆ ಭೂಮಿಯ ಬಾಗನ್ನೇ ಅನುಸರಿಸಿ ಹೋಗಿಬಿಡುತ್ತದೆ. ಆಗ 4.12ರ ಲೆಕ್ಕಕ್ಕೆ ಬೆಲೆಯಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿದ್ದ 200 ಮೆಗಾಹರ್ಟ್ಸ್ ರಾಡಾರೊಂದು ಹೀಗೆ ಸುಮಾರು 2,700 ಕಿ.ಮೀ. ದೂರದ ಅರೇಬಿಯಾದ ನೆಲವನ್ನು ಕಂಡಿತ್ತು. ಈ ಅರಬ್ಬೀ ಕಡಲಿನ ದಾಖಲೆಯನ್ನು ರೇಡಿಯೊ ಅಲೆಗಳ ಪಾಠದಲ್ಲಿ ಇಂದಿಗೂ ಹೇಳುತ್ತಾರೆ. ಮಳೆಗಾಲದ ಗಾಳಿ ಬಂದು ಎಲ್ಲವನ್ನೂ ಕಲಕಿದ ಕೂಡಲೇ ಈ ಕೊಳವೆ ಒಡೆಯುತ್ತದೆ.

ದೂರ ಕಾಣುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದಕ್ಕೆ ಅವರು ಬಂಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರು. ಸೆಟ್ ಸೆಕೆಂಡಿಗೆ 500 ಸಲ ಅಲೆ ಬಿಡುತ್ತದೆ ಎನ್ನೋಣ. ಎರಡು ಸಲದ ನಡುವಿನ ಹೊತ್ತಿನಲ್ಲಿ ಅಲೆ 300 ಕಿ.ಮೀ. ಹೋಗಿ ಬರಬಲ್ಲದು. 340 ಕಿ.ಮೀ. ದೂರದ ಬೆಟ್ಟದಿಂದ ಬಂದ ಮಾರ್ದನಿ ತಲುಪುವಾಗ ಮುಂದಿನ ಅಲೆ ಆಗಲೇ ಹೊರಟಾಗಿದೆ. ಯಂತ್ರಕ್ಕೆ ಅದು ಗೊತ್ತಿಲ್ಲ, ಹೊಸ ಅಲೆಯಿಂದ ಎಣಿಸುತ್ತದೆ. ಪರದೆಯ ಮೇಲೆ 40 ಕಿ.ಮೀ.ಗೆ ಚುಕ್ಕಿ ಬೀಳುತ್ತದೆ. "ನಲವತ್ತು ಕಿಲೋಮೀಟರಿಗೆ ಏನೋ ಬಂತು ಅಂತ ರಾತ್ರಿ ಎಲ್ಲರನ್ನೂ ಎಬ್ಬಿಸಿದರೆ, ಅದು ಬೆಟ್ಟ!" ಕಂಡುಹಿಡಿಯುವ ಉಪಾಯ: ಸೆಕೆಂಡಿಗೆ ಎಷ್ಟು ಸಲ ಅಲೆ ಬಿಡುವುದೆಂಬುದನ್ನು ಸ್ವಲ್ಪ ಬದಲಿಸಬೇಕು. ನಿಜವಾದ ಚುಕ್ಕಿ ಇದ್ದಲ್ಲೇ ಇರುತ್ತದೆ, ಸುಳ್ಳಿನದು ಸರಿಯುತ್ತದೆ.

ನೆಲೆ ಮುಚ್ಚಿದ ದಿನಗಳನ್ನು ಅವರು ಹೇಳಿದ್ದು ನಿಧಾನವಾಗಿ. ಮೊದಲು ಮೇನ್ ಸ್ವಿಚ್ ತೆಗೆದು ಬೀಗ ಹಾಕಿ, ಬೀಗದ ಕೈ ಒಬ್ಬನ ಜೇಬಿಗೆ. ಆಮೇಲೆ ಮ್ಯಾಗ್ನೆಟ್ರಾನಿಗೆ ವಿದ್ಯುತ್ತು ಬಿಟ್ಟು ಬಿಟ್ಟು ಕೊಡುವ ಮಾಡ್ಯುಲೇಟರಿನ ಕೆಪಾಸಿಟರುಗಳಿಗೆ ಅರ್ಥಿಂಗ್ ರಾಡ್ ಮುಟ್ಟಿಸುವುದು. ಒಮ್ಮೆ ಮುಟ್ಟಿಸಿದರೆ ಮುಗಿಯಲಿಲ್ಲ: ಒಳಗಿನ ನಿರೋಧಕದಲ್ಲಿ ಅಡಗಿದ ವಿದ್ಯುತ್ತು ಸ್ವಲ್ಪ ಹೊತ್ತಿಗೆ ಮತ್ತೆ ಏರುತ್ತದೆ, ಅದಕ್ಕೆ ಎರಡೂ ತುದಿಗೆ ತಾಮ್ರದ ತಂತಿ ಸುತ್ತಿಯೇ ಬಿಡಬೇಕು. ತಟ್ಟೆಯನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸಿ ಪಿನ್ನು ಹಾಕಿ, ಆಮೇಲೇ ಕ್ರೇನ್. ಅಲೆ ಬಿಡುವಾಗ ಅದರ ಹೊಡೆತ ಗ್ರಾಹಕಕ್ಕೆ ತಗಲದಂತೆ ತಡೆಯುವ ಟಿ.ಆರ್. ಕವಾಟಗಳನ್ನು ಎಣಿಸಿ ಬೇರೆ ಪೆಟ್ಟಿಗೆಗೆ. ಬೇಗ ಹೊತ್ತಿಕೊಳ್ಳಲೆಂದು ಅವುಗಳಲ್ಲಿ ಹಲವಕ್ಕೆ ಚೂರು ವಿಕಿರಣ ವಸ್ತು ಹಾಕಿರುತ್ತಾರೆ. ಹಳೆಯ ಮೀಟರುಗಳ ಹೊಳೆಯುವ ಮುಳ್ಳಿನಲ್ಲಿ ರೇಡಿಯಂ ಇರಬಹುದು. ಕೆಲವು ಕವಾಟಗಳ ಬಿಳಿ ಸೆರಾಮಿಕ್‌ನಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಒಡೆದರೆ ಅದರ ಹುಡಿ ಶ್ವಾಸಕೋಶಕ್ಕೆ ವಿಷ. ಎಲ್ಲಾದರೂ ಪಾಳುಬಿದ್ದ ರಾಡಾರ್ ನೆಲೆಗೆ ಹೋಗುವವರು ಇದನ್ನು ನೆನಪಿಡಬೇಕು. ಹೊಳೆಯುವುದನ್ನು, ಒಡೆದ ಬಿಳಿ ಪಿಂಗಾಣಿಯನ್ನು, ಎಣ್ಣೆ ಸೋರಿದ ಟ್ರಾನ್ಸ್‌ಫಾರ್ಮರನ್ನು ಮುಟ್ಟಬಾರದು. ಗುಜರಿಯವರು ತಾಮ್ರಕ್ಕಾಗಿ ಮೊದಲು ಕೈಹಾಕುವುದು ಇಂಥವಕ್ಕೇ.

ಬ್ರಿಟನ್ನಿನಲ್ಲಿ ಇಂಥ ನೆಲೆಗಳನ್ನು ನೋಡಲು ಜನ ಹೋಗುತ್ತಾರೆ. 1935ರ ಫೆಬ್ರವರಿ 26ರಂದು ಡ್ಯಾವೆಂಟ್ರಿಯ ಹತ್ತಿರ ಬಿಬಿಸಿಯ ಪ್ರಸಾರದ ಅಲೆ ವಿಮಾನಕ್ಕೆ ತಗಲಿ ಮರಳುವುದನ್ನು ವಿಜ್ಞಾನಿ ವಾಟ್ಸನ್-ವಾಟ್ ತಂಡ ತೋರಿಸಿತು. ಅದರಿಂದ ಹುಟ್ಟಿದ ಚೈನ್ ಹೋಮ್ ಎಂಬ ಕರಾವಳಿ ರಾಡಾರ್ ಸರಪಳಿಯ ನೆಲೆಗಳಿಗೆ 110 ಮೀಟರಿನ ಉಕ್ಕಿನ ಪ್ರಸಾರ ಗೋಪುರ, 73 ಮೀಟರಿನ ಮರದ ಗ್ರಹಣ ಗೋಪುರ. ಬಾಡ್ಸೀಯ ಕೊನೆಯ ಗೋಪುರವನ್ನು 2000ದಲ್ಲಿ ಇಳಿಸಿದರು, ಪ್ರಸಾರದ ಕಟ್ಟಡ ಈಗ ಮ್ಯೂಸಿಯಂ. ಸ್ಟೆನಿಗಾಟಿನದು ಇನ್ನೂ ನಿಂತಿದೆ. ನಮ್ಮಲ್ಲಿ ಒಂದಾದರೂ ಹಳೆಯ ನೆಲೆಯನ್ನು ಯಂತ್ರದ ಸಮೇತ ಉಳಿಸಿ, ಕೆಲಸ ಮಾಡಿದವರೇ ಶಾಲೆಯ ಮಕ್ಕಳಿಗೆ ವಿವರಿಸುವಂತಾಗಬೇಕು. ಸಿಲಿಕಾ ಜೆಲ್ ಹುರಿದವರು ಇನ್ನೂ ಬದುಕಿದ್ದಾರೆ.

ಕರಾವಳಿಗೆ ರಾಡಾರ್ ಬಂದದ್ದು ಬೇರೆ ದಾರಿಯಲ್ಲಿ. 2008ರ ನವೆಂಬರಿನ ಮುಂಬಯಿ ದಾಳಿಯ ನಂತರ ಕೋಸ್ಟ್ ಗಾರ್ಡ್ ದೇಶದ ತೀರದಲ್ಲಿ ಮೊದಲ ಹಂತದಲ್ಲಿ 46 ರಾಡಾರ್ ನೆಲೆಗಳ ಸರಪಳಿ ಹೆಣೆಯಿತು, ಯಂತ್ರ ಒದಗಿಸಿದ್ದು ಬೆಂಗಳೂರಿನ ಬಿ.ಇ.ಎಲ್. (ಭಾರತ್ ಎಲೆಕ್ಟ್ರಾನಿಕ್ಸ್). ಅವುಗಳಲ್ಲಿ ಹಲವು ಕೂತದ್ದು ದೀಪಸ್ತಂಭಗಳಲ್ಲೇ. ದೋಣಿ ಹುಡುಕುವ ರಾಡಾರಿಗೆ ಹಳೆಯ ಎತ್ತರ ಇನ್ನೂ ಸಾಕು: 30 ಮೀಟರಿನಿಂದ, 4 ಮೀಟರ್ ಎತ್ತರದ ಬೋಟು ಸುಮಾರು 31 ಕಿ.ಮೀ.ಗೆ ಸಿಗುತ್ತದೆ. ಲೆಕ್ಕ ಹಾಕಿದಾಗ ಸಾರ್ಜೆಂಟರೇ ನಿಂತು, "ಬತ್ತೇರಿಯವನಿಗೂ ಅಷ್ಟೇ ಅಲ್ಲವಾ!" ಅಂದರು.

ಹೋಗುವವರಿಗೆ: ಎಕ್ಸ್‌ಪ್ರೆಸ್ ಬಸ್ಸು ಕಾಪುವಿನಲ್ಲಿ ನಿಲ್ಲುತ್ತದೆಯೇ ಎಂದು ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ, ಇಲ್ಲದಿದ್ದರೆ ಉಡುಪಿಗೆ ಹೋಗಿ ವಾಪಸು ಬರಬೇಕಾಗುತ್ತದೆ. ಬಂಡೆಯ ಪಡುವಣ ಬದಿಯಲ್ಲಿ ಪಾಚಿ ಜಾರುತ್ತದೆ, ಅಲೆ ಏರುವ ಹೊತ್ತಿನಲ್ಲಿ ಅತ್ತ ಇಳಿಯಬೇಡಿ. ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿ, ಆಚೆ ದಡದಿಂದ ತಿರುಗಿ ಬುರುಜನ್ನು ನೋಡಿ. ಶತ್ರುವಿಗೆ ಅದು ಎಷ್ಟು ತಡವಾಗಿ ಕಾಣುತ್ತಿತ್ತೆಂದು ಅಲ್ಲಿಂದಲೇ ತಿಳಿಯುವುದು.