ಡೇ ಎಂಡ್ ಆದ ಮೇಲೆ ಬಂದ ಗೌಡ್ರು

ನಾನು ಸೆಕ್ರೆಟ್ರಿ ಆಗಿರುವ ನಮ್ಮ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಮಾರ್ಚ್ 31 ಅನ್ನುವ ದಿನ ಏಪ್ರಿಲ್ ಹತ್ತರ ತನಕ ಇರುತ್ತಿತ್ತು. ದಿನದ ಲೆಕ್ಕ ಬರೆಯುವ ಡೇ ಬುಕ್‌ನಲ್ಲಿ ಒಂದೆರಡು ಹಾಳೆ ಖಾಲಿ ಬಿಡುವುದು, ತಡವಾಗಿ ಬಂದವರ ಮರುಪಾವತಿಯನ್ನು ಅಲ್ಲಿ ಸೇರಿಸುವುದು, ಅದೇ ಕೈಯಲ್ಲಿ ಹೊಸ ಸಾಲ ಬರೆಯುವುದು. ಯಾರೂ ದುಡ್ಡು ಹೊಡೆಯುತ್ತಿರಲಿಲ್ಲ. ರಾಶಿ ಅಡಿಕೆಗೆ ಇನ್ನೊಂಚೂರು ದರ ಏರಲಿ ಅಂತ ರೈತರು ಮಾರದೆ ಕಾಯುತ್ತಾರೆ, ಅಷ್ಟೇ. ಆದರೆ ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತದಲ್ಲ. ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿ 2023ರ ರಾಜ್ಯ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದ ಮೇಲಂತೂ ಆ ಖಾಲಿ ಹಾಳೆಗಳ ಬೆಲೆಯೂ ಏರಿತು.

ಅಷ್ಟರಲ್ಲಿ ಸಾಫ್ಟ್‌ವೇರ್ ಬಂತು. 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ಅಂತ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತಲ್ಲ, ಅದೇ. ಕಂಪ್ಯೂಟರ್ ಬಂತು, ಪ್ರಿಂಟರ್ ಬಂತು. ನೆಟ್ ಮಾತ್ರ ತೀರ್ಥಹಳ್ಳಿ ಮಳೆಯನ್ನು ಕೇಳಿಕೊಂಡು ಬರುತ್ತದೆ. ಇರಲಿ. ಸಿಬ್ಬಂದಿಗೆಲ್ಲ ತರಬೇತಿ ಆಯಿತು. ಆಡಳಿತ ಮಂಡಳಿಗೆ ಯಾರೂ ಏನೂ ಹೇಳಲಿಲ್ಲ. ದಿನದ ಲೆಕ್ಕ ಮುಚ್ಚುವ ಡೇ ಎಂಡ್ ಒತ್ತಿದ ಮೇಲೆ ತಾರೀಕು ಹಿಂದೆ ಹೋಗಲ್ಲ ಅನ್ನುವ ಒಂದು ಮಾತು ಅವರ ಕಿವಿಗೆ ಬಿದ್ದಿದ್ದರೆ ಸಾಕಿತ್ತು.

ಏಪ್ರಿಲ್ ಮೊದಲ ವಾರ ನಮ್ಮ ಹಿರಿಯ ನಿರ್ದೇಶಕರು, ಗೌಡ್ರು ಅನ್ನೋಣ, ಕಂಕುಳಲ್ಲಿ ಬ್ಯಾಗ್ ಇಟ್ಟುಕೊಂಡು ಬಂದು ಸಾಲ ಪೂರ್ತಿ ಕಟ್ಟಿದರು. ರಸೀದಿಯಲ್ಲಿ ಏಪ್ರಿಲ್ ತಾರೀಕು ಬಿತ್ತು. ಅವರು ನೋಡದೆ ಮಡಚಿ ಜೇಬಿಗೆ ಹಾಕಿದರು. ಕ್ಲರ್ಕ್ ನನ್ನ ಮುಖ ನೋಡಿದ. ಸಭೆಯಲ್ಲಿ ನೋಡೋಣ ಬಿಡು ಅಂದೆ. ಸುಸ್ತಿ ಪಟ್ಟಿ, ಅಂದರೆ ಗಡುವಿನೊಳಗೆ ಸಾಲ ಕಟ್ಟದವರ ಪಟ್ಟಿ, ಕಂಪ್ಯೂಟರಿನದು, ಅದರ ಜೊತೆ ಯಾರು ಜಗಳ ಆಡುತ್ತಾರೆ ಅಂತ ನನ್ನ ಧೈರ್ಯ.

ತಿಂಗಳ ಸಭೆ. ಕೋರಂ ಇತ್ತು, ಅವಲಕ್ಕಿ ಕಾಫಿ ಆಗಿತ್ತು. ಹಿಂದಿನ ನಡಾವಳಿ ದೃಢೀಕರಣ ಆಯಿತು, ಜಮಾ ಖರ್ಚು ಮಂಜೂರಾಯಿತು. ಮಳೆಗಾಲದ ಮೈಲುತುತ್ತ ಖರೀದಿಯ ದರಪಟ್ಟಿ ಮೇಲೆ ಜೋರು ಚರ್ಚೆಯೇ ನಡೆಯಿತು. ಎಲೆಚುಕ್ಕೆ ರೋಗ ಬಂದ ಮೇಲೆ ಔಷಧಿ ವಿಷಯ ಅಂದರೆ ಎಲ್ಲರಿಗೂ ಮಾತು ಬರುತ್ತದೆ. ಆಮೇಲೆ ಮಾರ್ಚ್ ಕೊನೆಯ ಸುಸ್ತಿ ಪಟ್ಟಿ. ಯಾವಾಗಲೂ "ಓದಲಾಯ್ತು ಅಂತ ಬರ್ಕೊಳ್ಳಿ" ಅಂದು ದಾಟಿ ಹೋಗುವ ವಿಷಯ. ಅವತ್ತು ಗೌಡ್ರು ಕನ್ನಡಕ ಹಾಕಿಕೊಂಡರು.

ಅವರ ಬೆರಳು ಹೆಸರುಗಳ ಮೇಲೆ ಇಳಿಯುತ್ತಾ ಬಂದು ಒಂದು ಕಡೆ ನಿಂತಿತು. ಅಲ್ಲಿಂದ ಏಳಲಿಲ್ಲ.

"ಎಂತ ಮಾರಾಯ್ರೇ ಇದು? ಕಟ್ಟಿದ್ದೀನಲ್ಲ. ರಸೀದಿ ಕೊಟ್ಟಿದ್ದು ನೀವೇ ಅಲ್ವಾ?"

"ಹೌದು ಗೌಡ್ರೇ. ಅದು ಏಪ್ರಿಲ್‌ಗೆ ಬಿತ್ತು. ಇದು ಮಾರ್ಚ್ ಕೊನೆಗಿದ್ದ ಬಾಕಿ."

ಅಧ್ಯಕ್ಷರು ತಾರೀಕು ಹಿಂದೆ ಹಾಕಿ ಅಂದರು. ಡೇ ಎಂಡ್ ಆಗಿದೆ ಸರ್ ಅಂದೆ. "ಎಂಡ್ ಆಗಿದ್ರೆ ಮತ್ತೆ ಶುರು ಮಾಡಿ. ಹಿಂದಿನ ಸೆಕ್ರೆಟ್ರಿ ಮಾಡ್ತಿದ್ರಲ್ಲ?" ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಸುಸ್ತಿದಾರರು ಮಂಡಳಿಯಲ್ಲಿ ಕೂರುವುದಕ್ಕೆ 1959ರ ಸಹಕಾರ ಸಂಘಗಳ ಕಾಯ್ದೆ ಅಡ್ಡ ಬರುತ್ತದೆ. ಅಲ್ಲಿ ಕೂತವರಿಗೆಲ್ಲ ಇದು ಬಾಯಿಪಾಠ. ಚುನಾವಣೆ ಬಂದರೆ ಎದುರಾಳಿಯ ನಾಮಪತ್ರ ಬೀಳಿಸಲು ಹುಡುಕುವುದೇ ಇದನ್ನು. ಗೌಡ್ರ ಬೆರಳಿನ ಕೆಳಗೆ ಇದ್ದದ್ದು ಅವರ ಕುರ್ಚಿ.

ಆಗ ಒಬ್ಬರಿಗೆ ದಾರಿ ಹೊಳೆಯಿತು. "ಇತರ ವಿಷಯದಲ್ಲಿ ಒಂದು ಠರಾವು ಬರೀರಿ. ಹಣ 31ಕ್ಕೇ ಬಂದಿತ್ತು, ಕರೆಂಟ್ ಇಲ್ದೆ ಎಂಟ್ರಿ ತಡ ಆಯ್ತು ಅಂತ." ಎಲ್ಲರ ಮುಖ ಅರಳಿತು. ಅಧ್ಯಕ್ಷರ ಅನುಮತಿ ಮೇರೆಗೆ ಬರುವ ಇತರ ವಿಷಯಗಳು! ನಮ್ಮ ಸಂಘದ ಅರ್ಧ ಚರಿತ್ರೆ ಕಾರ್ಯಸೂಚಿಯ ಆ ಕೊನೇ ಸಾಲಿನಲ್ಲೇ ಇದೆ.

ನಡಾವಳಿ ಪುಸ್ತಕ ಎಳೆದುಕೊಂಡು ಪೆನ್ನಿನ ಕ್ಯಾಪ್ ತೆಗೆದೆ. "ಆಗ್ಲಿ. ಸೂಚಕರು ಯಾರು, ಅನುಮೋದಕರು ಯಾರು? ಹೆಸರು ಹೇಳಿ, ಬರ್ಕೊಳ್ತೀನಿ."

ದಾರಿ ತೋರಿಸಿದವರು ಫೋನ್ ತೆಗೆದರು. ಇನ್ನೊಬ್ಬರಿಗೆ ಹೊರಗೆ ನಿಲ್ಲಿಸಿದ ಬೈಕಿನ ಚಿಂತೆ ಶುರುವಾಯಿತು. ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕಿನ ಸೂಪರ್‌ವೈಸರ್ ಖಾಲಿ ಲೋಟ ಎತ್ತಿ ಕಾಫಿ ಕುಡಿದರು.

ಉಪಾಧ್ಯಕ್ಷರು ನನ್ನ ಪರ ಮಾತಾಡುತ್ತಾರೆ ಅಂತ ನಾನು ಲೆಕ್ಕ ಹಾಕಿದ್ದೆ. ಬ್ಯಾಂಕಿನಿಂದ ನಿವೃತ್ತರಾದವರು, ಹಿಂದಿನ ಸಭೆಯಲ್ಲಿ ಪಾರದರ್ಶಕತೆ ಬಗ್ಗೆ ಎಲ್ಲರ ತಲೆ ಕೊರೆದವರು. ಅವರು ಸೀಲಿಂಗ್ ನೋಡುತ್ತಿದ್ದರು. ಬಾಯಿ ಬಿಟ್ಟದ್ದು ಮಹಿಳಾ ಮೀಸಲು ಸ್ಥಾನದಿಂದ ಬಂದ ಅಕ್ಕ. ಸಹಿ ಹಾಕಿ ಬಸ್ಸಿಗೆ ಓಡುವವರು ಅಂತ ಅವರಿಗೆ ಪಟ್ಟಿಯ ಪ್ರತಿಯನ್ನೂ ನಾನು ಕೊಟ್ಟಿರಲಿಲ್ಲ. ಪಕ್ಕದವರ ಹಾಳೆ ನೋಡಿಯೇ ಮಾತಾಡಿದರು.

"ನಮ್ಮ ಸ್ವಸಹಾಯ ಸಂಘದಲ್ಲಿ ವಾರದ ಕಂತು ಒಂದು ದಿನ ತಡ ಆದ್ರೂ ತಡ ಅಂತಲೇ ಬರೀತೀವಿ. ಗೌಡ್ರು ಕಟ್ಟಿದ್ದೂ ನಿಜ, ತಡ ಆಗಿದ್ದೂ ನಿಜ. ಎರಡೂ ಬರೀರಿ. ಮುಂದೇನು ಅಂತ ಸಹಕಾರ ಇಲಾಖೆಯ ಎಆರ್ ಆಫೀಸಿಗೆ ಕೇಳಿ. ನಾನೇ ಸೂಚಿಸ್ತೀನಿ."

ಅನುಮೋದಿಸಲು ಯಾರೂ ಇಲ್ಲ. ಕೊನೆಗೆ ಕೈ ಎತ್ತಿದ್ದು ಗೌಡ್ರೇ! ನಿಮ್ಮ ವಿಷಯಕ್ಕೆ ನೀವೇ ಅನುಮೋದಕರಾದರೆ ಆಡಿಟ್‌ನಲ್ಲಿ ಬೈತಾರೆ ಗೌಡ್ರೇ ಅಂದೆ. "ಹಂಗಾದ್ರೆ ಹೊರಗಿರ್ತೀನಿ" ಅಂತ ಎದ್ದು ಜಗಲಿಯಲ್ಲಿ ಕೂತು ಎಲೆ ಅಡಿಕೆ ಬಿಚ್ಚಿದರು. ಅವರು ಬಾಗಿಲು ದಾಟಿದ್ದೇ ತಡ, ಮೂರು ಕೈ ಒಟ್ಟಿಗೆ ಎದ್ದವು.

ಗೌಡ್ರು ಬಡ್ಡಿ ಕಟ್ಟಿದರು. ಮಳೆಗಾಲ ಮುಗಿಯುವ ತನಕ ನನ್ನ ಜೊತೆ ಮಾತಾಡಲಿಲ್ಲ. ಗಡುವಿನ ವಿಷಯ ಮೊದಲೇ ಮನೆಗೆ ಬಂದು ಹೇಳಬಹುದಿತ್ತಲ್ಲ ಅಂತ ಬೇರೆಯವರ ಹತ್ತಿರ ಅಂದರಂತೆ. ಅದು ನ್ಯಾಯವಾದ ಮಾತೇ. ಈಗ ಫೆಬ್ರವರಿ ಸಭೆಯಲ್ಲಿ ನಿರ್ದೇಶಕರ ಸ್ವಂತ ಸಾಲದ ಗಡುವುಗಳನ್ನೇ ಮೊದಲ ವಿಷಯ ಮಾಡುತ್ತೇನೆ. ಕಹಿ ಸುದ್ದಿ ಇದ್ದರೆ ಹಿಂದಿನ ದಿನವೇ ಅಧ್ಯಕ್ಷರ ಮನೆಗೆ ಹೋಗಿ ಹೇಳುತ್ತೇನೆ, ವಾಟ್ಸ್ಯಾಪ್‌ನಲ್ಲಿ ಹಾಕಲ್ಲ. ಪ್ರತಿ ಎಲ್ಲರಿಗೂ ಹೋಗುತ್ತದೆ. ಉಪಾಧ್ಯಕ್ಷರ ಪಾರದರ್ಶಕತೆ ಭಾಷಣವೂ ನಿಂತಿಲ್ಲ.

ಅಕ್ಕ ಈಗ ಪ್ರತಿ ಸಭೆಗೂ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ತಾಳೆಪಟ್ಟಿ, ಕೇಳುತ್ತಾರೆ. ಮೊನ್ನೆ ಗೊಬ್ಬರದ ದಾಸ್ತಾನು ತಾಳೆ ಆಗ್ತಿಲ್ಲ ಅಂದರು. ಆಗುತ್ತಿರಲಿಲ್ಲ. ಗೋದಾಮಿನ ಕೀಲಿ ಯಾರ ಹತ್ತಿರ ಇರಬೇಕು ಅಂತ ಒಂದು ಠರಾವು ಸೂಚಿಸಿದ್ದಾರೆ, ಅನುಮೋದಕರು ಇನ್ನೂ ಸಿಕ್ಕಿಲ್ಲ.